ಯಾವೂರು ನಿಮ್ಮದು?

ಬೆಂಗಳೂರಿನಲ್ಲಿ ಯಾರಾದರೂ "ಯಾವೂರು ನಿಮ್ಮದು?" ಅಂದರೆ ನನ್ನ ಬಾಯಿಗೆ ಬರೋದು ಗೌಡಗೆರೆಯೇ. ಶಿರಾ ತಾಲ್ಲೂಕಿನ ಹೋಬಳಿ. ಇರೋದು ಇಲ್ಲಿನ ಬಾಡಿಗೆ ಮನೆಯಲ್ಲಿ, ಪಹಣಿ ಅಲ್ಲಿ. ಈ ಲೆಕ್ಕ ಹಳೇ ಅಥೆನ್ಸಿನವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಅನ್ನುವವನು ಅಥೆನ್ಸಿನ ಸೀಮೆಯನ್ನು 'ಡೀಮ್' ಎಂಬ ಊರು-ಕೇರಿಗಳಾಗಿ ವಿಂಗಡಿಸಿದ. ಒಟ್ಟು 139. ಮೊಮ್ಮಗ ಎಲ್ಲೇ ಹೋಗಿ ನೆಲೆಸಲಿ, ಅವನ ಡೀಮ್ ತಾತನದೇ. ಹುಡುಗನಿಗೆ 18 ಆದಾಗ ಡೀಮಿನವರೆಲ್ಲ ಸೇರಿ, ಆಣೆಯಿಟ್ಟು, ಇವನು ನಮ್ಮವನು ಹೌದೋ ಅಲ್ಲವೋ ಅಂತ ಮತ ಹಾಕುತ್ತಿದ್ದರು. ಅಲ್ಲ ಅಂದರೆ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಅಲ್ಲೂ ಸೋತರೆ ಗುಲಾಮನಾಗಿ ಮಾರಾಟ! (ನಮ್ಮ ಅರಳಿಕಟ್ಟೆಗೆ ಈ ಅಧಿಕಾರ ಇದ್ದಿದ್ದರೆ ಎಷ್ಟು ಹಳೇ ದ್ವೇಷ ತೀರಿಸಿಕೊಳ್ಳುತ್ತಿದ್ದರೋ.)

ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ಇನ್ನೂ ಬಿಗಿ ಮಾಡಿದ: ಅಪ್ಪ-ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ. ಆಮೇಲೆ ಪ್ಲೇಗಿನಲ್ಲಿ ಅವನ ಇಬ್ಬರು ಗಂಡುಮಕ್ಕಳು ತೀರಿಕೊಂಡರು. ಉಳಿದವನು ಮಿಲೆಟಸ್ ಊರಿನ ಅಸ್ಪೇಷಿಯಾಳ ಮಗ, ಅಂದರೆ ಅಪ್ಪನ ಕಾನೂನಿನ ಪ್ರಕಾರವೇ ಹೊರಗಿನವನು. ಕೊನೆಗೆ ಆ ಹುಡುಗನಿಗೆ ವಿನಾಯಿತಿ ಕೊಟ್ಟರು.

ಇಂಥ ವಿನಾಯಿತಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೆ 'ಮೆಟಿಕ್' ಅಂತ ಹೆಸರು. ಗಂಡಸರಿಗೆ ವರ್ಷಕ್ಕೆ 12 ದ್ರಾಖ್ಮಾ ತೆರಿಗೆ, ಯುದ್ಧ ಬಂದರೆ ದಂಡಿಗೂ ಹೋಗಬೇಕು, ಆದರೆ ಮತ ಇಲ್ಲ. ಪೌರ ಅಂದರೆ ಯಾರು ಅಂತ ಪುಸ್ತಕವನ್ನೇ ಬರೆದ ಅರಿಸ್ಟಾಟಲ್ ಕೂಡ ಅಥೆನ್ಸಿನಲ್ಲಿ ಮೆಟಿಕ್ಕೇ.

ಆ ಚಾಳಿ ಗ್ರೀಸಿನಲ್ಲಿ ಮೊನ್ನೆ ಮೊನ್ನೆಯವರೆಗೂ ಇತ್ತು. ಬಾಸ್ಕೆಟ್‌ಬಾಲ್ ಆಟಗಾರ ಯಾನಿಸ್ ಆಂಟೆಟೊಕೊಂಪೊ 1994ರಲ್ಲಿ ಅಥೆನ್ಸಿನಲ್ಲೇ ಹುಟ್ಟಿದವನು, ತಂದೆತಾಯಿ ನೈಜೀರಿಯಾದವರು. ಪೌರತ್ವ ಸಿಕ್ಕಿದ್ದು 2013ರಲ್ಲಿ, ಅಮೆರಿಕದ ಎನ್‌ಬಿಎ ಆಯ್ಕೆಗೆ ಸ್ವಲ್ಪ ಮುಂಚೆ. ಅಲ್ಲೇ ಶಾಲೆ ಕಲಿತ ಮಿಕ್ಕ ಮಕ್ಕಳಿಗೆ ಬಾಗಿಲು ತೆರೆಯೋಕೆ 2015ರ ಕಾನೂನೇ ಬರಬೇಕಾಯಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಅಳತೆಗೋಲು ಬೇರೆ: ಜಮೀನು. 1881ರ ದಸರಾ ಹೊತ್ತಿಗೆ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದವರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುಳ್ಳ ರೈತರು, ಜಿಲ್ಲೆಗೆ ಮೂರ್ನಾಲ್ಕು ವರ್ತಕರು. ಕೂಲಿ ಮಾಡೋನಿಗೆ ಅಲ್ಲಿ ಜಾಗ ಇರಲಿಲ್ಲ. ಅಂದಹಾಗೆ ರಂಗಾಚಾರ್ಲು ಹುಟ್ಟಿದ್ದು ಮದ್ರಾಸಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ!

ಈಗಿನ ಕಾನೂನು ರಕ್ತವನ್ನೂ ಜಮೀನನ್ನೂ ಬಿಟ್ಟು ವಾಸವನ್ನು ಹಿಡಿದಿದೆ. ಭಾರತದ ಪೌರನಿಗೆ ತಾನು ವಾಸ ಇರೋ ಕಡೆ ವೋಟು. ಊರಲ್ಲಿ ಸ್ವಂತ ಮನೆ ಇದೆ ಅನ್ನೋದೊಂದೇ ಸಾಲದು ಅಂತ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಬಿಡಿಸಿ ಹೇಳುತ್ತೆ. ಆದರೂ ಎಲೆಕ್ಷನ್ ಬಂದರೆ ನನ್ನ ಗೆಳೆಯರು ಶಿರಾ ಬಸ್ ಹತ್ತುತ್ತಾರೆ. ಹತ್ತು ವರ್ಷದಿಂದ ಟ್ಯಾಂಕರ್ ನೀರಿಗೆ ದುಡ್ಡು ಸುರೀತಿರೋ ವಾರ್ಡಿನಲ್ಲಿ ಅವರಿಗೆ ದನಿಯಿಲ್ಲ. ರಾಜಕಾರಣಿಗಳಿಗೂ ಅದು ಗೊತ್ತು. ಅಥೆನ್ಸಿನವರು ಮೆಟಿಕ್ಕುಗಳಿಗೆ ಮತ ಕೊಡಲಿಲ್ಲ; ಇವರು ಕೊಟ್ಟರೂ ಇಸ್ಕೊಂಡಿಲ್ಲ.

ಹೆಸರು ವರ್ಗಾಯಿಸೋಕೆ ಫಾರಂ 8 ಇದೆ. ನೋಂದಾಯಿತ ಬಾಡಿಗೆ ಕರಾರು ವಿಳಾಸದ ದಾಖಲೆಯಾಗಿ ನಡೆಯುತ್ತೆ. ಅದನ್ನು ರಿಜಿಸ್ಟರ್ ಮಾಡಿಸೋಕೆ ಮನೆ ಓನರ್ ಒಪ್ಪಬೇಕು, ಅಷ್ಟೇ.