ಕಟ್ಟಿನ ಮೇಲಿನ ತಾರೀಖು

ಜೇಜುರಿಯಲ್ಲಿ ಅವ್ವ ಜಾರಿ ಬಿದ್ದದ್ದು ಸೋಮವತಿ ಅಮಾವಾಸ್ಯೆಯ ದಿನ. ಖಂಡೋಬನ ಪಲ್ಲಕ್ಕಿ ಕರ್ಹಾ ನದಿಯ ಸ್ನಾನಕ್ಕೆ ಹೊರಟಿತ್ತು. ಕಲ್ಲಿನ ದೀಪಮಾಲೆಗಳ ನಡುವೆ ಜನ ಭಂಡಾರ ತೂರುತ್ತಿದ್ದರು. ಮೆಟ್ಟಿಲ ಮೇಲೆಲ್ಲ ಅರಿಶಿನ. ನಾವು ಮಂಗಸೂಳಿ ಕಡೆಯವರು, ಖಂಡೋಬ ನಮಗೆ ಮೈಲಾರಲಿಂಗ. ಮರಾಠಿಯವರು ‘ಯಳಕೋಟ’ ಎಂದಾಗ ಅವ್ವ ‘ಏಳುಕೋಟಿ’ ಎನ್ನುತ್ತ ಕೈ ಎತ್ತಿದಳು. ಕಾಲು ಜಾರಿತು. ಎತ್ತಿದ ಕೈಯನ್ನೇ ಊರಿಬಿಟ್ಟಳು.

ಮಣಿಕಟ್ಟು ಮೇಲಕ್ಕೆ ಡೊಂಕಾಗಿತ್ತು. ಪುಣೆಯ ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆಯಲ್ಲಿ 31 ವರ್ಷ ದುಡಿದವನಿಗೆ ಆ ಡೊಂಕು ಗುರುತು ಸಿಗದೆ ಇರುತ್ತದೆಯೆ? ಡಬ್ಲಿನ್ನಿನ ಅಬ್ರಹಾಂ ಕೋಲ್ಸ್ ಈ ಮುರಿತದ ಬಗ್ಗೆ ಬರೆದದ್ದು 1814ರಲ್ಲಿ. ಎಕ್ಸ್‌ರೇ ಬರಲು ಇನ್ನೂ 81 ವರ್ಷವಿತ್ತು. ಆತ ಕಣ್ಣಿನಿಂದ, ಬೆರಳಿನಿಂದಲೇ ತಿಳಿದುಕೊಂಡ.

ನಾನು ಗಾಡಿ ಹುಡುಕಲು ಓಡಾಡುವಷ್ಟರಲ್ಲಿ ಕುರಿ ಕಾಯುವ ಧನಗರ ಮುದುಕರೊಬ್ಬರು ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಹೆಗಲ ಮೇಲೆ ಕಂಬಳಿ, ಹಣೆ ತುಂಬ ಭಂಡಾರ. ಎರಡು ಬಿದಿರಿನ ದಬ್ಬೆ ತಂದು, ರುಮಾಲಿನ ತುದಿ ಹರಿದು ಸುತ್ತಿದರು. ಕಟ್ಟಿದ ಮೇಲೆ ಅವ್ವನ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರು. ಬೆಳ್ಳಗಾದದ್ದು ಮತ್ತೆ ಕೆಂಪಾಗುವವರೆಗೆ ನೋಡುತ್ತ ಕೂತರು. ಹೊಸ ಹುಡುಗರಿಗೆ ನಾನು ಮೊದಲ ದಿನ ಕಲಿಸುತ್ತಿದ್ದದ್ದೂ ಅದನ್ನೇ. ಅವರಿಗೆ ಅದನ್ನು ಕಲಿಸಿದ್ದು ಕುರಿಗಳ ಕಾಲು.

“ಬೇಸಿಗಿ ಐತಿ ಆಯಿ, ಮೂರನೇ ದಿನಕ್ಕ ಬಿಚ್ಚಿ ಮತ್ತ ಕಟ್ಟಿಸ್ಕೋರಿ” ಎಂದರು. ಅವರು ಹೇಳಿದ್ದು ಮರಾಠಿಯಲ್ಲಿ, ನನ್ನ ಕಿವಿಗೆ ಬಿದ್ದದ್ದು ನಮ್ಮೂರ ಮಾತಾಗಿ.

ಮೂರನೇ ದಿನ! ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಎಲುಬಿನ ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೆ, ಸಾಧಾರಣ ಕಾಲದಲ್ಲಿ ಐದಕ್ಕೆ, ಬಿಸಿಲುಗಾಲದಲ್ಲಿ ಮೂರಕ್ಕೆ ಬದಲಿಸಬೇಕೆಂದಿದೆ. ದಬ್ಬೆಗೆ ಬಿದಿರು, ಅತ್ತಿ, ಅರಳಿ, ಮುತ್ತುಗ, ಆಲ. ತೊಡೆ ಮುರಿದವನನ್ನು ಐದು ಗೂಟ ಹೊಡೆದ ಹಲಗೆಯ ಮೇಲೆ ಅಲುಗಾಡದಂತೆ ಮಲಗಿಸಬೇಕು. ಸಡಿಲ ಕಟ್ಟಿದರೆ ಕೀಲು ನಿಲ್ಲುವುದಿಲ್ಲ, ಬಿಗಿ ಕಟ್ಟಿದರೆ ಬಾವು, ನೋವು, ಕೀವು. ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಮೊಣಕೈ ಮುರಿದಿತ್ತು, ಯಾರೋ ಬಿದಿರು ಬಿಗಿದು ಐದು ದಿನ ಹಾಗೇ ಬಿಟ್ಟಿದ್ದರು. ಕಟ್ಟು ಕತ್ತರಿಸಿದಾಗ ಬೆರಳುಗಳು ಕಪ್ಪಾಗಿದ್ದವು. ಆ ಕೈ ಮತ್ತೆಂದೂ ಪೂರ್ತಿ ತೆರೆಯಲಿಲ್ಲ. ಹಾಗಾಗಿ ಹಳೆಯ ವಿದ್ಯೆಯನ್ನು ಕುರುಡಾಗಿ ಹೊಗಳುವುದು ನನ್ನಿಂದಾಗದು. ದಿನ ಎಣಿಸುವವನ ಕಟ್ಟು ಬೇರೆ, ಕಟ್ಟಿ ಮರೆಯುವವನ ಕಟ್ಟು ಬೇರೆ.

ದಿನ ಎಣಿಸಿದ ಒಬ್ಬ ಈ ಪುಣೆಯ ಹತ್ತಿರವೇ ಇದ್ದ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗು, ಒಂದು ಕೈ ಕತ್ತರಿಸಿದರು. ಶ್ರೀರಂಗಪಟ್ಟಣದ ಹತ್ತಿರ ಬೊಂಬಾಯಿ ದಂಡನ್ನು ಸೇರಿಕೊಂಡ ಅವನು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಹಣೆಯ ಮೇಲೆ ಬಿಡಿಸಿಟ್ಟು ಗೆರೆ ಎಳೆಯುವುದು. ಅಷ್ಟು ಚರ್ಮ ಎಬ್ಬಿಸುವುದು, ಹುಬ್ಬುಗಳ ನಡುವೆ ಒಂದು ಎಳೆ ಮಾತ್ರ ಬಿಟ್ಟು. ರಕ್ತ ಹರಿಯುವುದು ಆ ಎಳೆಯಲ್ಲೇ. ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೂಗಿನ ಮೋಟಿನ ಸುತ್ತ ಕೊಯ್ದ ಗಾಯದೊಳಗೆ ಅಂಚು ಸೇರಿಸುವುದು. ಮೇಲೆ ಕಾಚು ಸವರಿದ ಬಟ್ಟೆ. ನಾಲ್ಕು ದಿನದ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೇ ದಿನ ಹೊಳ್ಳೆಗೆ ಮೆತ್ತನೆಯ ಬತ್ತಿ. ಇಪ್ಪತ್ತೈದನೇ ದಿನದ ಹೊತ್ತಿಗೆ ಹುಬ್ಬಿನ ನಡುವಿನ ಎಳೆಯನ್ನು ಕತ್ತರಿಸುವುದು.

ಇಂಥ ಶಸ್ತ್ರಕ್ರಿಯೆಯನ್ನು ಕ್ರೂಸೊ, ಟ್ರಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡಿದ್ದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಕಾವಸ್ಜಿಯ ಚಿತ್ರದೊಂದಿಗೆ ಇದನ್ನೆಲ್ಲ ಅಚ್ಚು ಹಾಕಿತು. ಶವಗಳ ಮೇಲೆ ಅಭ್ಯಾಸ ಮಾಡಿಕೊಂಡ ಜೋಸೆಫ್ ಕಾರ್ಪ್ಯೂ 1814ರಲ್ಲಿ, ಕೋಲ್ಸ್ ಮಣಿಕಟ್ಟಿನ ಬಗ್ಗೆ ಬರೆದ ವರ್ಷವೇ, ಲಂಡನ್ನಿನಲ್ಲಿ ಅದನ್ನು ಮಾಡಿ ಗೆದ್ದ. ಆ ಮ್ಯಾಗಜಿನ್ನಿನಲ್ಲಿ ರೋಗಿಯ ಹೆಸರಿದೆ, ನೋಡಿದವರ ಹೆಸರಿದೆ. ಮಾಡಿದವನು ಆ ಪುಟದಲ್ಲಿ ಬರಿಯ ‘ಇಟ್ಟಿಗೆ ಜಾತಿಯವನು’. ಇದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅವ್ವನ ಕೈಗೆ ನಾನೇ ಪ್ಲಾಸ್ಟರ್ ಹಾಕಿದೆ. ಡಚ್ ಸೇನಾವೈದ್ಯ ಮಥೈಸನ್ 1852ರಲ್ಲಿ ಕೊಟ್ಟ ಪಟ್ಟಿ ಅದು. ಊರಿಂದ ಬಂದ ಚಿಕ್ಕಮ್ಮ ಮಂಗರವಳ್ಳಿಯ ಚಟ್ನಿ ಮಾಡಿ ತಂದಳು. ನಾಲ್ಕು ಮೂಲೆಯ ದಂಟು, ಗಿಣ್ಣುಗಿಣ್ಣಾಗಿ ಥೇಟ್ ಎಲುಬಿನ ಸರಪಳಿ. ಹುಣಸೆಹಣ್ಣಿಲ್ಲದೆ ತಿಂದರೆ ಗಂಟಲು ಕೆರೆಯುತ್ತದೆ. ನಾನು ಬೇಡವೆನ್ನಲಿಲ್ಲ. ನಮ್ಮ ಉಡುಪಿ ಕಡೆಯ ಶಸ್ತ್ರವೈದ್ಯ ಕೆ. ಎನ್. ಉಡುಪ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ಸಿ. ಪ್ರಸಾದ್ ಜೊತೆ 1960ರ ದಶಕದಲ್ಲಿ ಇದೇ ಬಳ್ಳಿಯನ್ನು ಪರೀಕ್ಷೆಗೆ ಒಡ್ಡಿದ್ದರು. ಕೂಡಿದ ಎಲುಬು ಎಷ್ಟು ಭಾರ ತಾಳುತ್ತದೆಂದು ಅಳೆದರು, ಅದಕ್ಕೆ ಸೇರುವ ಕ್ಯಾಲ್ಸಿಯಂ-45ರ ಲೆಕ್ಕ ಹಿಡಿದರು. ಬಳ್ಳಿ ಕೊಟ್ಟ ಪ್ರಾಣಿಗಳಲ್ಲಿ ಎಲುಬು ಬೇಗ ಕೂಡಿತ್ತು. ಡೊಂಕನ್ನು ನೆಟ್ಟಗೆ ಮಾಡುವುದು ಬಳ್ಳಿಯ ಕೆಲಸವಲ್ಲ, ಅದಕ್ಕೆ ಕೈಯೇ ಬೇಕು. ಆದರೆ ಅಜ್ಜಿಯರ ಮಾತನ್ನು ನಗದೆ ಕೇಳಿ, ತಕ್ಕಡಿಗೆ ಹಾಕಿ ನೋಡಿದ ಉಡುಪರ ಬಗ್ಗೆ ನನಗೆ ಬಹಳ ಗೌರವ.

ಹಸಿ ಪ್ಲಾಸ್ಟರ್ ಮೇಲೆ ತಾರೀಖು ಬರೆಯುವುದು ನಮ್ಮ ರೂಢಿ. ಅವ್ವನ ಕೈ ಮೇಲೂ ಬರೆದೆ. ಆರು ವಾರಕ್ಕೆ ಕತ್ತರಿಸಿದಾಗ ಒಳಗಿನ ಹತ್ತಿ ಇನ್ನೂ ಹಳದಿಯಾಗಿತ್ತು. ಅವ್ವ ಬೆರಳು ಮಡಚಿ ಬಿಚ್ಚಿ ನೋಡಿಕೊಂಡು, “ಆ ಧನಗರಣ್ಣನ ಹೆಸರೇನೋ?” ಎಂದಳು. ನಾನು ಕೇಳಿರಲಿಲ್ಲ.

ಮುಂದಿನ ಸೋಮವತಿಗೆ ಆ ಎರಡು ದಬ್ಬೆಗಳನ್ನು ಚೀಲದಲ್ಲಿಟ್ಟುಕೊಂಡು ಜೇಜುರಿ ಗಡದ ಬುಡದಲ್ಲಿ ಸಂಜೆಯವರೆಗೆ ಕಂಬಳಿ ಹೊದ್ದವರನ್ನೆಲ್ಲ ವಿಚಾರಿಸಿದೆ. ಎಲುಬು ಕಟ್ಟುವ ಮುದುಕರು ಅಂದರೆ, ಯಾವ ಮುದುಕರು ಎಂದು ಕೇಳಿದರು. ಅವರ ಪ್ರತಿ ಗುಂಪಿನಲ್ಲೂ ಅಂಥವರೊಬ್ಬರು ಇದ್ದರು.