ಹಳೆಯ ಮನೆಗಳಲ್ಲಿ ಹೊಸ ಚಿತ್ರಗಳು

ಛಾಯಾಚಿತ್ರ ಪ್ರದರ್ಶನವೆಂದರೆ ಕಣ್ಣ ಮುಂದೆ ಬರುವುದು ಬಿಳಿಯ ಗೋಡೆ, ಸಾಲಾಗಿ ತೂಗುಹಾಕಿದ ಚೌಕಟ್ಟುಗಳು, ಮೇಲೊಂದು ದೀಪ. ನೋಡುವವರ ಗಮನವೆಲ್ಲ ಚಿತ್ರದ ಮೇಲಿರಲೆಂದು ಗೋಡೆ ಮೌನವಾಗಿರುತ್ತದೆ. ಜಪಾನಿನ ಹಳೆಯ ರಾಜಧಾನಿ ಕ್ಯೋಟೊದಲ್ಲಿ 2013ರಿಂದ ನಡೆದುಬಂದಿರುವ ‘ಕ್ಯೋಟೊಗ್ರಾಫಿ’ ಉತ್ಸವದಲ್ಲಿ ಮಾತ್ರ ಗೋಡೆಯೂ ಮಾತನಾಡುತ್ತದೆ. ಕೋಟೆಯ ಅಡುಗೆಮನೆ, ಜೆನ್ ಬೌದ್ಧ ದೇವಾಲಯ, ಬಟ್ಟೆ ವರ್ತಕರ ಮನೆ, ಹಳೆಯ ಬ್ಯಾಂಕು, ಪತ್ರಿಕೆಯ ಮುದ್ರಣಾಲಯ – ಇವೇ ಅಲ್ಲಿನ ಪ್ರದರ್ಶನ ಮಂದಿರಗಳು.

ಈ ಉತ್ಸವದ ಹುಟ್ಟಿನ ಹಿಂದೆ ಒಂದು ದುರಂತದ ನೆನಪಿದೆ. 2011ರ ಭೂಕಂಪ, ಸುನಾಮಿ ಹಾಗೂ ಫುಕುಶಿಮಾ ಅಣುಸ್ಥಾವರದ ಅಪಘಾತದ ನಂತರ ಫ್ರೆಂಚ್ ಛಾಯಾಗ್ರಾಹಕಿ ಲೂಸಿಲ್ ರೇಬೋ ಮತ್ತು ಬೆಳಕಿನ ವಿನ್ಯಾಸಕಾರ ಯುಸುಕೆ ನಕಾನಿಶಿ ಕ್ಯೋಟೊಗೆ ಬಂದು ಇದನ್ನು ಆರಂಭಿಸಿದರು. ಫ್ರಾನ್ಸಿನ ಆರ್ಲ್ ಎಂಬ ರೋಮನ್ ಕಾಲದ ಪಟ್ಟಣದಲ್ಲಿ 1970ರಿಂದ ನಡೆಯುತ್ತಿರುವ ಛಾಯಾಚಿತ್ರ ಉತ್ಸವದ ಉದಾಹರಣೆ ಅವರ ಮುಂದಿತ್ತು. ಸಾಮಾನ್ಯವಾಗಿ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಉತ್ಸವ ನಡೆಯುತ್ತದೆ. ಕೋವಿಡ್ ಕಾಡಿದ 2020 ಮತ್ತು 2021ರಲ್ಲಿ ಮಾತ್ರ ಅದು ಸೆಪ್ಟೆಂಬರಿಗೆ ಮುಂದೂಡಲ್ಪಟ್ಟಿತು.

ಕ್ಯೋಟೊ 794ರಲ್ಲಿ ರಾಜಧಾನಿಯಾದ ನಗರ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಗಳು ಇಲ್ಲಿದ್ದರು. ಆ ಪಟ್ಟ ಕೈತಪ್ಪಿದ್ದು ಕ್ಯಾಮೆರಾ ಜಪಾನಿಗೆ ಬಂದು ನೆಲೆಯೂರುತ್ತಿದ್ದ ಕಾಲದಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. 1603ರಲ್ಲಿ ತೊಕುಗವಾ ಇಯೆಯಾಸು ಕಟ್ಟಿಸಿದ ನಿಜೊ ಕೋಟೆಯಲ್ಲೇ ಆ ವಂಶದ ಕೊನೆಯ ಶೋಗನ್ ಯೊಶಿನೊಬು 1867ರಲ್ಲಿ ಸಂಸ್ಥಾನಗಳ ಪ್ರತಿನಿಧಿಗಳನ್ನು ಕರೆಸಿ, ಆಡಳಿತವನ್ನು ಚಕ್ರವರ್ತಿಗೆ ಹಿಂದಿರುಗಿಸುವ ವಿಚಾರ ಮುಂದಿಟ್ಟ. ಅಧಿಕಾರ ಬಿಟ್ಟುಕೊಟ್ಟ ಮೇಲೆ ಶಿಜುವೊಕಾದಲ್ಲಿ ನೆಲೆಸಿದ ಆತ ಬೇಟೆ, ಸೈಕಲ್ ಸವಾರಿಗಳ ಜೊತೆಗೆ ಹಚ್ಚಿಕೊಂಡ ಹವ್ಯಾಸ ಛಾಯಾಗ್ರಹಣ! 2024ರಲ್ಲಿ ಅದೇ ಕೋಟೆಯ ಅರಮನೆಯ ಅಡುಗೆಮನೆಯಲ್ಲಿ ಫ್ರಾನ್ಸಿನ ತಿಯೆರಿ ಆರ್ದುವೆಂ ತೆಗೆದ ಬಿತ್ತನೆ ಬೀಜಗಳ ಚಿತ್ರಗಳು ಪ್ರದರ್ಶನಗೊಂಡವು. ಅಧಿಪತಿಗಳಿಗೆ ಅನ್ನ ಸಿದ್ಧವಾಗುತ್ತಿದ್ದ ಜಾಗದಲ್ಲಿ ಅನ್ನದ ಮೂಲವನ್ನೇ ನೋಡುವ ಅವಕಾಶ.

ಚಕ್ರವರ್ತಿ ಮೇಜಿ 1869ರಲ್ಲಿ ಟೋಕಿಯೊದಲ್ಲಿ ನೆಲೆಸಿದ. 1872ರಲ್ಲಿ ಛಾಯಾಗ್ರಾಹಕ ಉಚಿದಾ ಕುಇಚಿ ಅವನನ್ನು ಸಾಂಪ್ರದಾಯಿಕ ರಾಜಪೋಷಾಕಿನಲ್ಲಿ ಚಿತ್ರಿಸಿದ. ಮರುವರ್ಷವೇ ತೆಗೆದ ಚಿತ್ರದಲ್ಲಿ ಚಕ್ರವರ್ತಿ ಪಾಶ್ಚಾತ್ಯ ಸೇನಾ ಸಮವಸ್ತ್ರ ಧರಿಸಿ ಕುರ್ಚಿಯ ಮೇಲೆ ಕುಳಿತಿದ್ದಾನೆ. ಛಾಯಾಚಿತ್ರಕ್ಕೆ ಜಪಾನೀ ಭಾಷೆಯಲ್ಲಿ ‘ಶಾಶಿನ್’ ಎನ್ನುತ್ತಾರೆ. ‘ಸತ್ಯದ ನಕಲು’ ಎಂಬುದು ಅದರ ಅಕ್ಷರಾರ್ಥ. ಆದರೆ ಒಂದೇ ವರ್ಷದ ಅಂತರದ ಆ ಎರಡು ಚಿತ್ರಗಳಲ್ಲಿ ಯಾವುದು ಸತ್ಯ, ಯಾವುದು ವೇಷ?

ಮನುಷ್ಯರಂತೆ ಕಟ್ಟಡಗಳೂ ಆಗ ವೇಷ ಬದಲಿಸಿದವು. ಬ್ಯಾಂಕ್ ಆಫ್ ಜಪಾನಿನ ಕ್ಯೋಟೊ ಶಾಖೆಗಾಗಿ 1906ರಲ್ಲಿ ಎದ್ದ ಕೆಂಪು ಇಟ್ಟಿಗೆಯ ಕಟ್ಟಡ ನೋಡಲು ಯುರೋಪಿನದೇ. ವಿನ್ಯಾಸಗೊಳಿಸಿದವರಲ್ಲಿ ಒಬ್ಬ, ಮುಂದೆ ಟೋಕಿಯೊ ರೈಲು ನಿಲ್ದಾಣವನ್ನು ರೂಪಿಸಿದ ತತ್ಸುನೊ ಕಿಂಗೊ. ಈಗ ವಸ್ತುಸಂಗ್ರಹಾಲಯವೊಂದರ ಭಾಗವಾಗಿರುವ ಈ ಕಟ್ಟಡದಲ್ಲೇ 2025ರ ಉತ್ಸವದಲ್ಲಿ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಪ್ರದರ್ಶನ ನಡೆಯಿತು. ಅವರು ತಾವೇ ವೇಷ ಧರಿಸಿ, ಪರದೆ ಕಟ್ಟಿ, ಹಳೆಯ ಚಿತ್ರಗಳನ್ನು ಮರುಸೃಷ್ಟಿಸುವವರು. ಪೋರ್ಚುಗೀಸ್ ಕಲಾವಿದನೊಬ್ಬ 1898ರಲ್ಲಿ ಬರೆದ, ವಾಸ್ಕೊ ಡ ಗಾಮ ಸಾಮೂದಿರಿಯ ಆಸ್ಥಾನಕ್ಕೆ ಬಂದ ಚಿತ್ರವನ್ನು ಅವರು ಹೀಗೆ ಮರುಸೃಷ್ಟಿಸಿ, ತಾವೇ ಗಾಮನಾಗಿ ನಿಂತಿದ್ದಾರೆ. ಯುರೋಪಿನ ಉಡುಪು ತೊಟ್ಟ ಜಪಾನೀ ಬ್ಯಾಂಕಿಗಿಂತ ಸೂಕ್ತವಾದ ರಂಗಸ್ಥಳ ಇಂಥ ಕಲೆಗೆ ಸಿಗುವುದು ಕಷ್ಟ.

ಪತ್ರಿಕೆ ಓದುವವರಿಗೆ ಆಸಕ್ತಿ ಹುಟ್ಟಿಸುವ ಇನ್ನೊಂದು ಜಾಗವಿದೆ. ‘ಕ್ಯೋಟೊ ಶಿಂಬುನ್’ ದಿನಪತ್ರಿಕೆಯ ಕಟ್ಟಡದ ನೆಲಮಾಳಿಗೆಯಲ್ಲಿ ಹಿಂದೆ ಮುದ್ರಣಾಲಯವಿತ್ತು. ಯಂತ್ರಗಳು ನಿಂತ ಮೇಲೆ ಖಾಲಿ ಉಳಿದ ಆ ವಿಶಾಲ ಕತ್ತಲೆಯ ಆವರಣದಲ್ಲಿ 2024ರಲ್ಲಿ ಡಚ್ ಛಾಯಾಗ್ರಾಹಕಿ ವಿವಿಯನ್ ಸಾಸೆನ್ ಅವರ ಬಣ್ಣಬಣ್ಣದ ಚಿತ್ರಗಳು ಬೆಳಗಿದವು.

ಇನ್ನು ‘ಮಾಚಿಯಾ’ ಎಂಬ ಮರದ ಮನೆಗಳು. ಮುಂದೆ ಅಂಗಡಿ, ಹಿಂದೆ ವಾಸ, ನಡುವೆ ಬೆಳಕಿಗಾಗಿ ಪುಟ್ಟ ಅಂಗಳ. ಮುಂಭಾಗ ಕಿರಿದಾಗಿ ಒಳಗೆ ಉದ್ದಕ್ಕೆ ಸಾಗುವ ಈ ಮನೆಗಳನ್ನು ಅಲ್ಲಿಯವರು ‘ಹಾವುಮೀನಿನ ಹಾಸಿಗೆ’ ಎಂದು ತಮಾಷೆ ಮಾಡುತ್ತಾರೆ. ಕಿಮೋನೊಗೆ ಕಟ್ಟುವ ನಡುಪಟ್ಟಿಯ ವ್ಯಾಪಾರವನ್ನು 1738ರಿಂದ ನಡೆಸಿಕೊಂಡು ಬಂದಿರುವ ಕೊಂಡಾಯ ಗೆಂಬೆ ಮನೆತನದ ಕಟ್ಟಡವೂ ಉತ್ಸವದ ತಾಣಗಳಲ್ಲೊಂದು. ಪಾದರಕ್ಷೆ ಕಳಚಿಟ್ಟು ಚಾಪೆಯ ಮೇಲೆ ಹೆಜ್ಜೆಯಿಡಬೇಕು. ಎಷ್ಟೋ ಚಿತ್ರಗಳನ್ನು ಕುಳಿತೇ ನೋಡಬೇಕು. ನೋಡುವ ವೇಗ ತಾನಾಗಿ ತಗ್ಗುತ್ತದೆ.

ಇಲ್ಲಿ ಒಂದು ಕಟು ಸತ್ಯವನ್ನು ಮರೆಯುವಂತಿಲ್ಲ. 1945ರಲ್ಲಿ ಅಮೆರಿಕದ ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೊ ಇತ್ತು. ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಪಟ್ಟು ಹಿಡಿದು ಅದನ್ನು ತೆಗೆಸಿದ. ಪಟ್ಟಿಗೆ ನಾಗಸಾಕಿ ಸೇರಿತು. ಹೀಗೆ ಯುದ್ಧದಲ್ಲಿ ಉಳಿದ ಮನೆಗಳು ಶಾಂತಿಯ ಕಾಲದಲ್ಲಿ ಒಂದೊಂದಾಗಿ ನೆಲಕ್ಕುರುಳುತ್ತಿವೆ. ನಗರಾಡಳಿತ 2016ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಉಳಿದಿದ್ದ ಮಾಚಿಯಾಗಳು ಸುಮಾರು 40,000. ಅದಕ್ಕೆ ಹಿಂದಿನ ಏಳು ವರ್ಷಗಳಲ್ಲಿ 5,600ಕ್ಕೂ ಹೆಚ್ಚು ಮನೆಗಳು ಕಣ್ಮರೆಯಾಗಿದ್ದವು. ನಿಜೊ ಕೋಟೆ ಹಾಗೂ ದೊಡ್ಡ ದೇವಾಲಯಗಳಿಗೆ 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಬೀದಿಬದಿಯ ಮನೆಗಳಿಗೆ ಅಂಥ ರಕ್ಷಣೆಯಿಲ್ಲ. ಪಿತ್ರಾರ್ಜಿತ ಆಸ್ತಿಯ ತೆರಿಗೆ, ದುರಸ್ತಿಯ ವೆಚ್ಚ, ಏರುವ ನೆಲದ ಬೆಲೆ – ಇವು ಬಾಂಬಿಗಿಂತ ನಿಧಾನ, ಆದರೆ ಅಷ್ಟೇ ಖಚಿತ. ಕೆಡವುವ ಮುನ್ನ ತಿಳಿಸಬೇಕೆಂಬ ನಿಯಮವನ್ನು ನಗರಾಡಳಿತ 2017ರಲ್ಲಿ ಮಾಡಿತು.

ತಿಂಗಳ ಕಾಲ ನಡೆಯುವ ಉತ್ಸವವೊಂದು ಈ ಮನೆಗಳನ್ನೆಲ್ಲ ಉಳಿಸಲಾರದು. ಆದರೆ ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ, ಜನ ಓಡಾಡುವ ಮನೆ ಬಾಳುತ್ತದೆ ಎಂಬುದನ್ನು ಅದು ನೆನಪಿಸುತ್ತದೆ. ಕಳೆದುಹೋದ ಮನೆಯ ಛಾಯಾಚಿತ್ರವನ್ನು ಗೋಡೆಗೆ ತೂಗುಹಾಕುವುದು ಸುಲಭ. ಛಾಯಾಚಿತ್ರ ತೂಗುಹಾಕಲು ಆ ಮನೆಯ ಗೋಡೆಯೇ ಇನ್ನೂ ನಿಂತಿರುವುದು ಹೆಚ್ಚಿನ ಭಾಗ್ಯ.