ಜನಾಂಗ ಹತ್ಯೆ ಕುರಿತ ಶಿಕ್ಷಣದ ಚರಿತ್ರೆ

ಜನಾಂಗ ಹತ್ಯೆಗಳು ಏಕೆ ನಡೆದವು, ಹೇಗೆ ನಡೆದವು, ಯಾವ ಹಂತದಲ್ಲಿ ಯಾರು ಅವನ್ನು ತಡೆಯಬಹುದಿತ್ತು ಎಂಬುದನ್ನು ಶಾಲೆ, ಕಾಲೇಜುಗಳಲ್ಲಿ ಕ್ರಮಬದ್ಧವಾಗಿ ಕಲಿಸುವ ಶಿಕ್ಷಣ ಶಾಖೆ. ನಾಜಿ ಜರ್ಮನಿ ಮತ್ತು ಅದರ ಸಹಯೋಗಿಗಳು ಯುರೋಪಿನ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಹಾಲೊಕಾಸ್ಟ್‌ನ ಪಾಠವಾಗಿ ಇದು ಮೊದಲಾಯಿತು. 1970ರ ದಶಕದಲ್ಲಿ ಪಠ್ಯಕ್ರಮದ ರೂಪ ಪಡೆದು, ಮುಂದೆ ಕಾಂಬೋಡಿಯಾ, ರುವಾಂಡಾ, ಬೋಸ್ನಿಯಾಗಳ ಅನುಭವದಿಂದ ವಿಸ್ತಾರಗೊಂಡಿತು. ಸತ್ತವರನ್ನು ಗೌರವದಿಂದ ನೆನೆಯುವುದು, ಅಂಥದು ಮತ್ತೆ ನಡೆಯದಂತೆ ನೋಡಿಕೊಳ್ಳುವ ತಿಳಿವಳಿಕೆಯನ್ನು ಬೆಳೆಸುವುದು ಇದರ ಎರಡು ಗುರಿಗಳು.

ಕಾನೂನಿನ ಹಿನ್ನೆಲೆ

ಪೋಲೆಂಡಿನ ಯಹೂದಿ ನ್ಯಾಯವಾದಿ ರಫಾಯೆಲ್ ಲೆಮ್ಕಿನ್ 1944ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಜನಾಂಗ ಹತ್ಯೆ ಎಂಬ ಅಪರಾಧಕ್ಕೆ ಆ ಹೆಸರು ಕೊಟ್ಟರು. 1915ರಿಂದ ಒಟ್ಟೊಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ಸಾಮೂಹಿಕ ಹತ್ಯೆ ಅವರನ್ನು ವಿದ್ಯಾರ್ಥಿ ದೆಸೆಯಿಂದಲೇ ಕಾಡಿತ್ತು. ಅವರ ಅವಿರತ ಪ್ರಯತ್ನದ ಫಲವಾಗಿ ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 9ರಂದು ಜನಾಂಗ ಹತ್ಯೆಯ ತಡೆ ಮತ್ತು ಶಿಕ್ಷೆಯ ಒಪ್ಪಂದವನ್ನು ಅಂಗೀಕರಿಸಿತು. ಅದು 1951ರಲ್ಲಿ ಜಾರಿಗೆ ಬಂದಿತು. ಭಾರತ 1959ರಲ್ಲಿ ಅದನ್ನು ಅನುಮೋದಿಸಿತು. ರಾಷ್ಟ್ರೀಯ, ಬುಡಕಟ್ಟಿನ, ವರ್ಣದ ಅಥವಾ ಧಾರ್ಮಿಕ ಗುಂಪೊಂದನ್ನು ಪೂರ್ಣವಾಗಿ ಇಲ್ಲವೇ ಭಾಗಶಃ ನಾಶಮಾಡುವ ಉದ್ದೇಶವೇ ಈ ಅಪರಾಧದ ತಿರುಳು. ಕೊಲ್ಲುವುದಷ್ಟೇ ಅಲ್ಲ, ಜನನವನ್ನು ತಡೆಯುವುದು, ಮಕ್ಕಳನ್ನು ಬಲವಂತವಾಗಿ ಬೇರೆ ಗುಂಪಿಗೆ ಸಾಗಿಸುವುದು ಕೂಡ ಇದರಲ್ಲಿ ಸೇರುತ್ತವೆ. ಶಿಕ್ಷಿಸುವುದಕ್ಕಿಂತ ಮೊದಲು ತಡೆಯುವ ಹೊಣೆಯನ್ನು ರಾಷ್ಟ್ರಗಳ ಮೇಲೆ ಹೊರಿಸಿದ್ದರಿಂದ ಈ ಒಪ್ಪಂದ ಮುಂದೆ ಶಿಕ್ಷಣಕ್ಕೂ ಆಧಾರವಾಯಿತು.

ಹಿಂಸೆಯಲ್ಲಿ ಶಾಲೆಯ ಪಾತ್ರ

ಇಪ್ಪತ್ತನೆಯ ಶತಮಾನದ ಜನಾಂಗ ಹತ್ಯೆಗಳಲ್ಲಿ ಶಾಲೆಗಳು ಹೊರಗೆ ನಿಂತಿರಲಿಲ್ಲ. ಜರ್ಮನಿಯಲ್ಲಿ 1933ರ ಏಪ್ರಿಲ್‌ನ ಕಾನೂನು ಶಾಲೆ, ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು; 1938ರ ನವೆಂಬರ್‌ನಲ್ಲಿ ಯಹೂದಿ ಮಕ್ಕಳನ್ನು ಸರ್ಕಾರಿ ಶಾಲೆಗಳಿಂದ ಹೊರಹಾಕಲಾಯಿತು. ಜನಾಂಗಗಳ ಮೇಲುಕೀಳನ್ನು ವಿಜ್ಞಾನವೆಂಬಂತೆ ಪಾಠ ಮಾಡಲಾಯಿತು. ಅಂಗವಿಕಲರನ್ನು ಸಾಕಲು ಸರ್ಕಾರಕ್ಕೆ ತಗಲುವ ಖರ್ಚನ್ನು ಲೆಕ್ಕಹಾಕುವಂತೆ ಗಣಿತದ ಪುಸ್ತಕಗಳು ಮಕ್ಕಳನ್ನು ಕೇಳಿದವು. ರುವಾಂಡಾದಲ್ಲಿ ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ತಂದ ಗುರುತಿನ ಚೀಟಿಗಳು ಪ್ರತಿಯೊಬ್ಬರನ್ನೂ ಹುಟು, ಟುಟ್ಸಿ ಅಥವಾ ಟ್ವಾ ಸಮುದಾಯದವರೆಂದು ದಾಖಲಿಸಿದವು. ಸ್ವಾತಂತ್ರ್ಯಾನಂತರವೂ ಅದೇ ವಿಂಗಡಣೆ ಮುಂದುವರಿದು, ತರಗತಿಯಲ್ಲಿ ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸಿ ಎಣಿಸುವುದು ರೂಢಿಯಾಗಿತ್ತು. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಆಡಳಿತ ಶಾಲೆಗಳನ್ನೇ ಮುಚ್ಚಿತು. ರಾಜಧಾನಿ ಪ್ನೋಮ್ ಪೆನ್‌ನ ಒಂದು ಪ್ರೌಢಶಾಲೆ ಎಸ್-21 ಎಂಬ ಚಿತ್ರಹಿಂಸೆಯ ಸೆರೆಮನೆಯಾಗಿ, ಅಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಬಂದಿಗಳಾದರು. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಅಕ್ಷರ ಕಲಿತರೆ ಸಾಕು, ಮನುಷ್ಯ ತಾನಾಗಿ ದಯಾವಂತನಾಗುತ್ತಾನೆ ಎಂಬ ನಂಬಿಕೆಯನ್ನು ಈ ಚರಿತ್ರೆ ಸುಳ್ಳುಮಾಡಿದೆ.

ಮೌನದಿಂದ ಸಾಕ್ಷ್ಯದತ್ತ: 1945-1970

ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಹೆಚ್ಚಿನ ದೇಶಗಳ ಪಠ್ಯಪುಸ್ತಕಗಳು ಹಾಲೊಕಾಸ್ಟ್ ಅನ್ನು ಕೆಲವೇ ಸಾಲುಗಳಲ್ಲಿ ದಾಟಿಬಿಟ್ಟವು. 1947ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ, ಯಹೂದಿ ಬಾಲಕಿ ಆನ್ ಫ್ರಾಂಕ್‌ಳ ದಿನಚರಿ ಅನುವಾದಗಳ ಮೂಲಕ ಶಾಲಾಮಕ್ಕಳ ಕೈಸೇರಿ, ಎಷ್ಟೋ ದೇಶಗಳಲ್ಲಿ ಈ ವಿಷಯದ ಮೊದಲ ಪಾಠವಾಯಿತು. ಇಸ್ರೇಲ್ 1953ರಲ್ಲಿ ಯಾದ್ ವಶೇಮ್ ಸ್ಮಾರಕ ಸಂಸ್ಥೆಯನ್ನು ಕಾನೂನಿನ ಮೂಲಕ ಸ್ಥಾಪಿಸಿತು.

1961ರಲ್ಲಿ ಜೆರುಸಲೇಮಿನಲ್ಲಿ ನಡೆದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ವಿಚಾರಣೆ ದೊಡ್ಡ ತಿರುವು. ಕಡತಗಳನ್ನೇ ಮುಖ್ಯವಾಗಿ ನೆಚ್ಚಿದ್ದ, ಯುದ್ಧಾನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗಿಂತ ಭಿನ್ನವಾಗಿ, ಬದುಕುಳಿದ ಸುಮಾರು ನೂರು ಮಂದಿ ಇಲ್ಲಿ ಎದ್ದುನಿಂತು ತಮ್ಮ ಪಾಡನ್ನು ತಾವೇ ಹೇಳಿದರು. ರೇಡಿಯೊ, ಟೆಲಿವಿಷನ್‌ಗಳ ಮೂಲಕ ಅದನ್ನು ಜಗತ್ತು ಕೇಳಿತು. 1963ರಿಂದ 1965ರವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ನಡೆದ, ನಾಜಿಗಳ ಔಷ್ವಿಟ್ಸ್ ಸಂಹಾರ ಶಿಬಿರದ ಸಿಬ್ಬಂದಿಯ ವಿಚಾರಣೆ ಜರ್ಮನ್ ಯುವಜನರನ್ನು ತಮ್ಮ ಹಿರಿಯರ ನಡತೆಯ ಮುಂದೆ ತಂದು ನಿಲ್ಲಿಸಿತು. 1966ರಲ್ಲಿ ತತ್ತ್ವಜ್ಞಾನಿ ಥಿಯೊಡೋರ್ ಅಡೋರ್ನೊ ರೇಡಿಯೊ ಉಪನ್ಯಾಸದಲ್ಲಿ, ಔಷ್ವಿಟ್ಸ್ ಮರುಕಳಿಸದಂತೆ ನೋಡಿಕೊಳ್ಳುವುದೇ ಶಿಕ್ಷಣದ ಮೊದಲ ಕರ್ತವ್ಯವೆಂದು ವಾದಿಸಿದರು. ಕಣ್ಣುಮುಚ್ಚಿ ಆಜ್ಞೆ ಪಾಲಿಸದೆ ಸ್ವಂತ ವಿವೇಚನೆಯಿಂದ ನಡೆಯುವ ವ್ಯಕ್ತಿತ್ವವನ್ನು ಎಳವೆಯಿಂದಲೇ ರೂಪಿಸಬೇಕೆಂಬ ಅವರ ವಿಚಾರ ಇಂದಿಗೂ ಈ ಕ್ಷೇತ್ರದ ಬುನಾದಿ.

ಪಠ್ಯಕ್ರಮವಾಗಿ: 1970-1995

ಅಮೆರಿಕದ ಮ್ಯಾಸಚೂಸೆಟ್ಸ್‌ನ ಬ್ರುಕ್‌ಲೈನ್‌ನಲ್ಲಿ 1976ರಲ್ಲಿ ಮಾರ್ಗಟ್ ಸ್ಟರ್ನ್ ಸ್ಟ್ರಾಮ್ ಮತ್ತು ವಿಲಿಯಂ ಪಾರ್ಸನ್ಸ್ ಎಂಬ ಇಬ್ಬರು ಶಿಕ್ಷಕರು 'ಫೇಸಿಂಗ್ ಹಿಸ್ಟರಿ ಅಂಡ್ ಅವರ್‌ಸೆಲ್ವ್ಸ್' ಕಾರ್ಯಕ್ರಮವನ್ನು ಆರಂಭಿಸಿದರು. ನಾಜಿಗಳ ಏಳಿಗೆಯನ್ನು ಓದುತ್ತಲೇ ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಪೂರ್ವಗ್ರಹಗಳನ್ನೂ ತಮ್ಮ ಆಯ್ಕೆಗಳನ್ನೂ ಪರಿಶೀಲಿಸುವಂತೆ ಮಾಡಿದ್ದು ಇದರ ಹೊಸತನ. 1978ರಲ್ಲಿ ಅಮೆರಿಕದಲ್ಲಿ, ಮರುವರ್ಷ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾದ 'ಹಾಲೊಕಾಸ್ಟ್' ಧಾರಾವಾಹಿ ಮನೆಮನೆಗಳಲ್ಲಿ ಚರ್ಚೆ ಎಬ್ಬಿಸಿತು. ಇಲಿನಾಯ್ 1990ರಲ್ಲಿ ಈ ಪಾಠವನ್ನು ಕಡ್ಡಾಯಗೊಳಿಸಿದ ಮೊದಲ ಅಮೆರಿಕನ್ ರಾಜ್ಯವಾಯಿತು. ನ್ಯೂಜೆರ್ಸಿ 1994ರಲ್ಲಿ ಹಾಲೊಕಾಸ್ಟ್ ಜೊತೆಗೆ ಇತರ ಜನಾಂಗ ಹತ್ಯೆಗಳನ್ನೂ ಸೇರಿಸಿತು. 1993ರಲ್ಲಿ ವಾಷಿಂಗ್ಟನ್‌ನ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯ ತೆರೆಯಿತು. ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಸ್ಥಾಪಿಸಿದ ಶೋವಾ ಫೌಂಡೇಷನ್ 50 ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳನ್ನು ವಿಡಿಯೊದಲ್ಲಿ ದಾಖಲಿಸಿತು.

ತಡೆಯುವ ಪಾಠ

1994ರಲ್ಲಿ ರುವಾಂಡಾದಲ್ಲಿ ಸುಮಾರು 100 ದಿನಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಟುಟ್ಸಿಗಳು, ಕೊಲೆಯಾದರು. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8 ಸಾವಿರ ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಎರಡೂ ಕಡೆ ವಿಶ್ವಸಂಸ್ಥೆಯ ಪಡೆಗಳು ನೆಲದ ಮೇಲಿದ್ದವು. ನೆನಪೊಂದೇ ಕಾಯುವುದಿಲ್ಲ ಎಂಬ ಕಹಿ ಸತ್ಯ ಶಿಕ್ಷಕರನ್ನು ಮುನ್ಸೂಚನೆಗಳ ಅಧ್ಯಯನದತ್ತ ತಿರುಗಿಸಿತು. ಅಮೆರಿಕದ ವಿದ್ವಾಂಸ ಗ್ರೆಗರಿ ಸ್ಟಾಂಟನ್ 1996ರಲ್ಲಿ ಜನಾಂಗ ಹತ್ಯೆಯನ್ನು ಎಂಟು ಹಂತಗಳ ಪ್ರಕ್ರಿಯೆಯಾಗಿ ವಿವರಿಸಿದರು. ಮುಂದೆ ಅವು ಹತ್ತಾದವು. 'ನಾವು', 'ಅವರು' ಎಂಬ ವಿಂಗಡಣೆ, ಗುರುತು ಹಚ್ಚುವಿಕೆ, ತಾರತಮ್ಯ, ಮನುಷ್ಯರನ್ನು ಹುಳುಹುಪ್ಪಟೆಗಳೆಂದು ಕರೆಯುವುದು ಮೊದಲಿಗೆ ಬರುತ್ತವೆ; ಸಂಘಟನೆ, ಧ್ರುವೀಕರಣ, ಸಿದ್ಧತೆ, ಕಿರುಕುಳ, ಸಂಹಾರ ಅನಂತರ, ನಿರಾಕರಣೆ ಕೊನೆಯದು. ಹಲವು ಹಂತಗಳು ಏಕಕಾಲಕ್ಕೂ ನಡೆಯಬಹುದು. ಪ್ರತಿ ಹಂತದಲ್ಲಿಯೂ ತಡೆಯಲು ಅವಕಾಶವಿದೆ ಎಂಬುದನ್ನು ಈ ಮಾದರಿ ವಿದ್ಯಾರ್ಥಿಗಳಿಗೆ ಮನಗಾಣಿಸುತ್ತದೆ.

ಸ್ವೀಡನ್ನಿನ ಪ್ರಧಾನಿ ಯೋರಾನ್ ಪೆರ್ಶೊನ್ ಅವರ ಮುಂದಾಳತ್ವದಲ್ಲಿ 1998ರಲ್ಲಿ ಹಾಲೊಕಾಸ್ಟ್ ಶಿಕ್ಷಣಕ್ಕಾಗಿ ಅಂತರರಾಷ್ಟ್ರೀಯ ಕಾರ್ಯಪಡೆಯೊಂದು ರಚನೆಯಾಯಿತು. 2000ದ ಸ್ಟಾಕ್‌ಹೋಮ್ ಘೋಷಣೆ ಹಾಲೊಕಾಸ್ಟ್ ಶಿಕ್ಷಣವನ್ನು ಸರ್ಕಾರಗಳ ಬದ್ಧತೆಯಾಗಿಸಿತು. ವಿಶ್ವಸಂಸ್ಥೆ 2005ರಲ್ಲಿ ಜನವರಿ 27ನ್ನು ಹಾಲೊಕಾಸ್ಟ್ ಸ್ಮರಣೆಯ ದಿನವಾಗಿಯೂ 2015ರಲ್ಲಿ ಡಿಸೆಂಬರ್ 9ನ್ನು ಎಲ್ಲ ಜನಾಂಗ ಹತ್ಯೆಗಳ ಬಲಿಪಶುಗಳ ಸ್ಮರಣೆಯ ದಿನವಾಗಿಯೂ ಗೊತ್ತುಮಾಡಿತು. ಯುನೆಸ್ಕೊ 2017ರಲ್ಲಿ ಶಿಕ್ಷಣ ಇಲಾಖೆಗಳಿಗಾಗಿ ಈ ವಿಷಯದ ಕೈಪಿಡಿ ಹೊರತಂದಿತು.

ಗಾಯಗೊಂಡ ಸಮಾಜಗಳಲ್ಲಿ

ಕೊಂದವರ ಮಕ್ಕಳೂ ಬದುಕುಳಿದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುವಾಗ ಈ ಪಾಠ ಅತ್ಯಂತ ಕಠಿಣ. ರುವಾಂಡಾ ಸರ್ಕಾರ ದ್ವೇಷ ತುಂಬಿದ ಹಳೆಯ ಇತಿಹಾಸದ ಪಾಠವನ್ನು ಹತ್ಯಾಕಾಂಡದ ನಂತರ ನಿಲ್ಲಿಸಿತು. ಹೊಸದನ್ನು ಒಪ್ಪಿ ರೂಪಿಸಲು ವರ್ಷಗಳೇ ಹಿಡಿದವು. 2004ರಲ್ಲಿ ತೆರೆದ ಕಿಗಾಲಿ ಸ್ಮಾರಕದಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಅವಶೇಷಗಳಿವೆ. ಶಾಲಾಮಕ್ಕಳಿಗೆ ಅಲ್ಲಿ ಶಾಂತಿಶಿಕ್ಷಣವನ್ನೂ ಕೊಡಲಾಗುತ್ತದೆ. 2015ರ ಪಠ್ಯಕ್ರಮ ಜನಾಂಗ ಹತ್ಯೆಯ ಅಧ್ಯಯನವನ್ನು ಎಲ್ಲ ವಿಷಯಗಳಲ್ಲಿ ಹೆಣೆಯಬೇಕೆಂದು ಗೊತ್ತುಪಡಿಸಿತು.

ಖ್ಮೇರ್ ರೂಜ್ ಆಡಳಿತದಲ್ಲಿ 1975ರಿಂದ 1979ರೊಳಗೆ ಸುಮಾರು 17 ಲಕ್ಷ ಜನರನ್ನು ಕಳೆದುಕೊಂಡ ಕಾಂಬೋಡಿಯಾದಲ್ಲಿ ಆ ಕಾಲದ ಕಥೆ ಪಠ್ಯಪುಸ್ತಕಗಳಿಂದ ಬಹುಕಾಲ ಮರೆಯಾಗಿತ್ತು. ತಂದೆತಾಯಿ ಹೇಳಿದ್ದನ್ನು ಮಕ್ಕಳು ನಂಬದ ಸ್ಥಿತಿ ಬಂದಿತ್ತು. ಕಾಂಬೋಡಿಯಾ ದಾಖಲೆ ಕೇಂದ್ರದ ಖಾಂಬೊಲಿ ದಿ 2007ರಲ್ಲಿ ಬರೆದ ಇತಿಹಾಸ ಈ ಕೊರತೆಯನ್ನು ತುಂಬಿತು. ಕೇಂದ್ರ ಮತ್ತು ಸರ್ಕಾರ ಸೇರಿ ಸಾವಿರಾರು ಶಿಕ್ಷಕರಿಗೆ ತರಬೇತಿ ಕೊಟ್ಟವು.

ಬೋಸ್ನಿಯಾದಲ್ಲಿ ಮಾತ್ರ ಗಾಯ ಹಸಿಯಾಗಿಯೇ ಇದೆ. ಕೆಲವೆಡೆ ಒಂದೇ ಕಟ್ಟಡದಲ್ಲಿ ಎರಡು ಸಮುದಾಯಗಳ ಮಕ್ಕಳು ಬೇರೆ ಬೇರೆ ಪಠ್ಯ ಓದುತ್ತಾರೆ. ಅಂತರರಾಷ್ಟ್ರೀಯ ನ್ಯಾಯಾಲಯಗಳು ಸ್ರೆಬ್ರೆನಿತ್ಸಾ ಹತ್ಯೆಯನ್ನು ಜನಾಂಗ ಹತ್ಯೆಯೆಂದು ತೀರ್ಪಿತ್ತಿದ್ದರೂ ಸರ್ಬ್ ಆಡಳಿತದ ಭಾಗದಲ್ಲಿ ಅದನ್ನು ಹಾಗೆ ಕಲಿಸುವುದಿಲ್ಲ. ಕೆನಡಾದಲ್ಲಿ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ವಸತಿಶಾಲೆಗಳಲ್ಲಿರಿಸಿದ್ದನ್ನು ಸಾಂಸ್ಕೃತಿಕ ಜನಾಂಗ ಹತ್ಯೆಯೆಂದು ಕರೆದು, ಆ ಚರಿತ್ರೆಯನ್ನು ಎಲ್ಲ ಮಕ್ಕಳಿಗೂ ಕಲಿಸಲು ಕರೆಕೊಟ್ಟಿತು.

ಬೋಧನಾ ಕ್ರಮ ಮತ್ತು ಚರ್ಚೆಗಳು

ಅಂಕಿಸಂಖ್ಯೆಯ ಹಿಂದಿನ ಒಬ್ಬೊಬ್ಬ ಮನುಷ್ಯನ ಬದುಕನ್ನು ತೋರಿಸುವುದು, ಮೂಲ ದಾಖಲೆ ಮತ್ತು ಸಾಕ್ಷ್ಯಗಳನ್ನು ಓದಿಸುವುದು, ಭೀಕರ ಚಿತ್ರಗಳಿಂದ ಮಕ್ಕಳನ್ನು ಬೆಚ್ಚಿಬೀಳಿಸದಿರುವುದು, ಸಂತ್ರಸ್ತರ ಪಾತ್ರವನ್ನು ಮಕ್ಕಳಿಂದ ಮಾಡಿಸದಿರುವುದು ಇಂದು ಬಹುಮಟ್ಟಿಗೆ ಒಪ್ಪಿತವಾದ ನಿಯಮಗಳು. ಕೊಂದವರು, ಕೈಕಟ್ಟಿ ನೋಡಿದವರು, ಜೀವದ ಹಂಗು ತೊರೆದು ಕಾಪಾಡಿದವರು ಎಲ್ಲರ ನಡೆಯನ್ನೂ ಮಕ್ಕಳು ಪರಿಶೀಲಿಸುತ್ತಾರೆ. ಹಾಲೊಕಾಸ್ಟ್ ಅನ್ನು ಇತರ ಹತ್ಯೆಗಳೊಂದಿಗೆ ಹೋಲಿಸಬಹುದೇ ಎಂಬ ವಾದ ಹಳೆಯದು; ಪ್ರತಿಯೊಂದರ ವೈಶಿಷ್ಟ್ಯವನ್ನು ಕಾಯ್ದುಕೊಂಡು ಕಾರಣಗಳನ್ನು ಹೋಲಿಸುವ ಕ್ರಮಕ್ಕೆ ಈಗ ಹೆಚ್ಚು ಮನ್ನಣೆ. ಇಂಗ್ಲೆಂಡಿನ ಸುಮಾರು 8 ಸಾವಿರ ವಿದ್ಯಾರ್ಥಿಗಳನ್ನು ಕುರಿತ ಲಂಡನ್ ಯೂನಿವರ್ಸಿಟಿ ಕಾಲೇಜಿನ 2016ರ ಅಧ್ಯಯನದಲ್ಲಿ, ಅನೇಕರು ಎಲ್ಲ ಹೊಣೆಯನ್ನೂ ಹಿಟ್ಲರನೊಬ್ಬನ ಮೇಲೆ ಹೊರಿಸಿದ್ದು ಕಂಡುಬಂತು. ಹತ್ಯೆಗೆ ಕೈಜೋಡಿಸಿದ ಗುಮಾಸ್ತರು, ಪೊಲೀಸರು, ರೈಲ್ವೆ ನೌಕರರು, ನೆರೆಹೊರೆಯವರು ಪಾಠದಿಂದ ಕಣ್ಮರೆಯಾದರೆ ಅದರ ಮುಖ್ಯಾಂಶವೇ ಕಳೆದುಹೋಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಇದು ಪ್ರತ್ಯೇಕ ವಿಷಯವಾಗಿಲ್ಲ. ವಿಶ್ವಸಂಸ್ಥೆಯ 1948ರ ಒಪ್ಪಂದವನ್ನು ಅನುಮೋದಿಸಿದ್ದರೂ ಅದಕ್ಕಾಗಿ ಪ್ರತ್ಯೇಕ ಕಾನೂನನ್ನು ದೇಶ ರೂಪಿಸಿಲ್ಲ. ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಒಂಬತ್ತನೇ ತರಗತಿಯ ಇತಿಹಾಸ ಪುಸ್ತಕ ನಾಜಿವಾದಕ್ಕೆ ಇಡೀ ಅಧ್ಯಾಯವನ್ನು ಮೀಸಲಿಟ್ಟು, ಜರ್ಮನ್ ಶಾಲೆಗಳಲ್ಲಿ ಮಕ್ಕಳ ಮನಸ್ಸನ್ನು ಹೇಗೆ ತಿದ್ದಲಾಯಿತೆಂಬುದನ್ನೂ ವಿವರಿಸಿತು. ಕರ್ನಾಟಕದ ಕೇಂದ್ರೀಯ ಪಠ್ಯಕ್ರಮದ ಶಾಲೆಗಳ ಮಕ್ಕಳೂ ಇದನ್ನು ಓದಿದ್ದಾರೆ. ಪರೀಕ್ಷೆಯ ಉತ್ತರವಾಗಿ ಬಾಯಿಪಾಠ ಮಾಡಿದರೆ ಅದು ದೂರದ ದೇಶದ ಹಳೆಯ ಘಟನೆಯಾಗಿಯೇ ಉಳಿಯುತ್ತದೆ. ಒಂದು ಗುಂಪಿನ ಮೇಲೆ ಹರಡಿದ ವದಂತಿಯನ್ನು ಪರೀಕ್ಷಿಸದೆ ನಂಬದಿರಲು, ಸಹಪಾಠಿಗೆ ಅಂಟಿಸಿದ ಹೀನ ಹೆಸರನ್ನು ಒಪ್ಪದಿರಲು ಅದು ಕಲಿಸಿದರೆ ಮಾತ್ರ ಈ ಶಿಕ್ಷಣದ ಉದ್ದೇಶ ಈಡೇರಿದಂತೆ. ತಡೆಯುವ ಕೆಲಸ ಸುಲಭವಾಗಿರುವುದು ಮೊದಲ ಹಂತಗಳಲ್ಲಿ. ಮಕ್ಕಳ ಕೈಗೆಟಕುವ ಹಂತಗಳೂ ಅವೇ.